ಬಣ್ಣ ಕೊನೆಗೆ ನೋಡಿ: ಕೂಗು ಮತ್ತು ರೂಪದಿಂದ ಹಕ್ಕಿ ಗುರುತಿಸುವ ಬಗೆ

ಹಕ್ಕಿ ನೋಡಲು ಶುರು ಮಾಡಿದ ಮೊದಲ ವಾರದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಹೀಗೊಂದು ಸಾಲಿದೆ: "ಕಂದು ಹಕ್ಕಿ. ಮೈ ತುಂಬ ಬಿಳಿ ಚುಕ್ಕೆ. ತುಂಬಾ ಚೆನ್ನಾಗಿದೆ." ಅಷ್ಟೇ. ಎಷ್ಟು ದೊಡ್ಡದಿತ್ತು, ಎಲ್ಲಿ ಕೂತಿತ್ತು, ಏನು ಮಾಡುತ್ತಿತ್ತು, ಕೂಗಿತಾ ಇಲ್ವಾ, ಒಂದೂ ಬರೆದಿಲ್ಲ. ಯಾವುದೋ ಅಪರೂಪದ ಹಕ್ಕಿ ಕಂಡೆ ಅಂದುಕೊಂಡು ವಾರಗಟ್ಟಲೆ ಚಿತ್ರ ತಿರುವಿ ಹಾಕಿದೆ. ಕೊನೆಗೆ ಗೊತ್ತಾಯಿತು, ಅದು ಹೆಣ್ಣು ಕೋಗಿಲೆ. ಕೋಗಿಲೆ ಅಂದರೆ ಕಪ್ಪು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಕಪ್ಪಿರುವುದು ಗಂಡು ಮಾತ್ರ. ಹೆಣ್ಣಿನ ಬೆನ್ನು ಕಂದು, ಅದರ ಮೇಲೆ ಬಿಳಿ ಚುಕ್ಕೆ, ಹೊಟ್ಟೆಯಲ್ಲಿ ಅಡ್ಡ ಪಟ್ಟೆ.

ಬಣ್ಣ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ. ಆದರೆ ಮೊದಲು ನಂಬಬೇಕಾದ್ದು ಅದನ್ನಲ್ಲ. ಬೆಳಕು ಬದಲಾದರೆ ಬಣ್ಣ ಬದಲಾಗುತ್ತದೆ. ಗಂಡಿಗೊಂದು, ಹೆಣ್ಣಿಗೊಂದು, ಮರಿಗೊಂದು ಬಣ್ಣ ಇರುತ್ತದೆ. ಗಾತ್ರ, ಆಕಾರ, ನಡವಳಿಕೆ, ಜಾಗ, ಕೂಗು ಇಷ್ಟು ಬೇಗ ವೇಷ ಬದಲಿಸುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಬಣ್ಣವನ್ನು ಸ್ವಲ್ಪ ಕಾಯಲು ಹೇಳಿದ್ದೇನೆ.

ಮೊದಲು ಒಂದು ಜಾಗ, ಹತ್ತು ಹಕ್ಕಿ

ಪ್ರಪಂಚದಲ್ಲಿ 10,000ಕ್ಕೂ ಹೆಚ್ಚು ಹಕ್ಕಿ ಜಾತಿಗಳಿವೆ. ಭಾರತದಲ್ಲೇ 1,300ಕ್ಕೂ ಜಾಸ್ತಿ. ಈ ಸಂಖ್ಯೆ ಕೇಳಿ ಗಾಬರಿಯಾಗಬೇಡಿ. ಒಂದು ಮರ, ಒಂದು ಕೆರೆ ದಂಡೆ ಅಥವಾ ಒಂದು ಪಾರ್ಕಿನ ಮೂಲೆಯಲ್ಲಿ ದಿನವೂ ಕಾಣುವುದು ಹತ್ತೋ ಇಪ್ಪತ್ತೋ ಜಾತಿ ಮಾತ್ರ. ಆ ಒಂದು ಜಾಗ ಆರಿಸಿಕೊಂಡು ಒಂದು ತಿಂಗಳು ಅಲ್ಲಿಗೇ ಹೋಗಿ. ಹೊಸ ಹೊಸ ಕಾಡು ಸುತ್ತುವ ಆಸೆ ಸದ್ಯಕ್ಕೆ ಪಕ್ಕಕ್ಕಿಡಿ.

ಹತ್ತು ಮಾಮೂಲಿ ಹಕ್ಕಿಗಳನ್ನು ಕಣ್ಣು ಮುಚ್ಚಿದರೂ ಕಾಣುವಷ್ಟು ಚೆನ್ನಾಗಿ ಕಲಿಯಿರಿ. ಕಾಗೆ, ಗುಬ್ಬಿ, ಗೊರವಂಕ, ಪಿಕಳಾರ, ಕಾಜಾಣ, ಮಡಿವಾಳ, ಬೆಳ್ಳಕ್ಕಿ, ಹದ್ದು, ಕೆಂಬೂತ, ಟುವ್ವಿ. ಹನ್ನೊಂದನೆಯದು ಬಂದ ದಿನ ಅದು ತಾನಾಗಿಯೇ ಬೇರೆಯಾಗಿ ಕಾಣುತ್ತದೆ. ಮಾಮೂಲಿ ಯಾವುದು ಅಂತ ಗೊತ್ತಿದ್ದರೆ ತಾನೇ ಅಪರೂಪ ಯಾವುದು ಅಂತ ಗೊತ್ತಾಗುವುದು?

ಹೊತ್ತು ಮುಖ್ಯ. ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚಿನಿಂದ ಮುಂದಿನ ಎರಡು ಗಂಟೆ ಅತಿ ಒಳ್ಳೆಯದು. ಸಂಜೆ ಕತ್ತಲಾಗುವ ಮುಂಚಿನ ಹೊತ್ತೂ ಪರವಾಗಿಲ್ಲ. ಮಧ್ಯಾಹ್ನ ಹೋಗಿ ಹಕ್ಕಿಗಳೇ ಇಲ್ಲ ಅಂದರೆ ತಪ್ಪು ಹಕ್ಕಿಗಳದ್ದಲ್ಲ. ಆದರೆ ಹದ್ದು, ಗರುಡ ನೋಡಬೇಕಿದ್ದರೆ ಬಿಸಿಲೇರಿದ ಮೇಲೆಯೇ ಹೋಗಿ. ನೆಲ ಕಾದು ಬಿಸಿಗಾಳಿ ಮೇಲೇರಿದಾಗ ಅವು ರೆಕ್ಕೆ ಬಡಿಯದೆ ಸುತ್ತು ಹಾಕುತ್ತವೆ.

ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಶುರು ಮಾಡಬಹುದು. ಕೊಳ್ಳುವುದಾದರೆ 8×42 ಅಂತ ಬರೆದಿರುವುದನ್ನು ನೋಡಿ. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಅಂತ ಅರ್ಥ. ಹನ್ನೆರಡು ಪಟ್ಟಿನದು ಇನ್ನೂ ಚೆನ್ನ ಅನ್ನಿಸುತ್ತದೆ, ಆದರೆ ಕೈ ನಡುಗಿದಷ್ಟೂ ಹಕ್ಕಿಯೂ ನಡುಗುತ್ತದೆ. ಹೊಸಬರು ಮಾಡುವ ತಪ್ಪೊಂದಿದೆ. ಹಕ್ಕಿ ಕಂಡ ತಕ್ಷಣ ತಲೆ ಬಗ್ಗಿಸಿ ಬೈನಾಕ್ಯುಲರ್ ನೋಡುತ್ತಾರೆ, ತಲೆ ಎತ್ತುವಷ್ಟರಲ್ಲಿ ಯಾವ ಕೊಂಬೆ ಅಂತಲೇ ಮರೆತಿರುತ್ತದೆ. ಕಣ್ಣು ಹಕ್ಕಿಯ ಮೇಲೆ ನೆಟ್ಟಿರಲಿ. ಕೈ ಮಾತ್ರ ಮೇಲೆ ಬರಲಿ.

ಗಾತ್ರಕ್ಕೆ ನಾಲ್ಕು ಅಳತೆಗೋಲು

"ಚಿಕ್ಕದು", "ದೊಡ್ಡದು" ಅಂತ ಬರೆದರೆ ನಾಳೆ ನಿಮಗೇ ಅರ್ಥ ಆಗುವುದಿಲ್ಲ. ಹಕ್ಕಿಯನ್ನು ಹಕ್ಕಿಯಿಂದಲೇ ಅಳೆಯಿರಿ. ಗುಬ್ಬಿ ಸುಮಾರು 15 ಸೆಂಟಿಮೀಟರ್. ಗೊರವಂಕ ಸುಮಾರು 23. ಕಾಗೆ 40ರ ಆಸುಪಾಸು. ಹದ್ದು 60. ಕಂಡ ಹಕ್ಕಿ ಗುಬ್ಬಿಗಿಂತ ಚಿಕ್ಕದಾ, ಗುಬ್ಬಿಗೂ ಗೊರವಂಕಕ್ಕೂ ನಡುವೆಯಾ, ಕಾಗೆಯಷ್ಟಿತ್ತಾ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಪಟ್ಟಿಯ ಮುಕ್ಕಾಲು ಪಾಲು ಬಿದ್ದುಹೋಗುತ್ತದೆ.

ಒಂಟಿಯಾಗಿ ಆಕಾಶದಲ್ಲಿರುವ ಹಕ್ಕಿಯ ಗಾತ್ರ ಮಾತ್ರ ನಂಬಬೇಡಿ. ಹೋಲಿಸಲು ಪಕ್ಕದಲ್ಲಿ ಏನೂ ಇರುವುದಿಲ್ಲ.

ಆಕಾರ: ಕೊಕ್ಕು, ಬಾಲ, ಕಾಲು

ಹಕ್ಕಿ ಬೆಳಕಿಗೆ ಅಡ್ಡವಾಗಿ ಕೂತು ಬರೀ ಕಪ್ಪು ನೆರಳಾಗಿ ಕಂಡರೆ ಬೇಜಾರಾಗಬೇಡಿ. ಆಕಾರ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಕೊಕ್ಕು ನೋಡಿದರೆ ಊಟ ತಿಳಿಯುತ್ತದೆ. ಗುಬ್ಬಿ, ರಾಟವಾಳಗಳ ಕೊಕ್ಕು ಮೊಂಡು, ದಪ್ಪ, ಕಾಳು ಒಡೆಯುವಂಥದ್ದು. ಸೂರಕ್ಕಿಯದು ತೆಳ್ಳಗೆ, ಕೆಳಗೆ ಬಾಗಿದ್ದು, ಹೂವಿನೊಳಗೆ ಇಳಿಯುವಂಥದ್ದು. ಮಿಂಚುಳ್ಳಿಯದು ತಲೆಗೆ ಹೋಲಿಸಿದರೆ ವಿಪರೀತ ಉದ್ದ. ಗಿಡುಗದ್ದು ಕೊಕ್ಕೆ. ಬಾಲದಲ್ಲಿ ಕೊನೆ ನೋಡಿ: ಕವಲೊಡೆದಿದೆಯಾ, ದುಂಡಗಿದೆಯಾ, ಚೂಪಾ? ಆಕಾಶದಲ್ಲಿ ಹದ್ದು ಮತ್ತು ಗರುಡ ಎರಡೂ ಹಾರುತ್ತಿದ್ದರೆ ಬಾಲವೇ ಸಾಕು. ಹದ್ದಿನ ಬಾಲದ ತುದಿ ಕವಲು, ಗರುಡನದು ದುಂಡು. ಕಾಜಾಣದ ಕವಲು ಬಾಲವಂತೂ ಕಿಲೋಮೀಟರ್ ದೂರದಿಂದ ಕಾಣುತ್ತದೆ ಅನ್ನಬಹುದು. ಸ್ವಲ್ಪ ಉತ್ಪ್ರೇಕ್ಷೆ, ಇರಲಿ.

ತಲೆಯ ಮೇಲೆ ಜುಟ್ಟು ಇದೆಯಾ ನೋಡಿ. ಕಾಲು ನೀರಿನ ಹಕ್ಕಿಗಳಲ್ಲಿ ಜಾಸ್ತಿ ಕೆಲಸಕ್ಕೆ ಬರುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಏನು ಮಾಡುತ್ತಿದೆ?

ನನ್ನ ಮಟ್ಟಿಗೆ ಅತಿ ನಂಬಿಕಸ್ಥ ಗುರುತು ಇದೇ. ದೂರದಿಂದ ನಡೆದು ಬರುವ ಪರಿಚಯದವರನ್ನು ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತಿಸುತ್ತೀರಲ್ಲ, ಹಾಗೆ.

ಕುಂಡೆಕುಸ್ಕವನ್ನು ನೋಡಿ. ನೀರಿನ ಅಂಚಿನಲ್ಲಿ ಓಡುತ್ತಾ ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತಲೇ ಇರುತ್ತದೆ. ನಿಂತರೂ ಬಾಲ ನಿಲ್ಲುವುದಿಲ್ಲ. ಹೆಸರೇ ಎಲ್ಲ ಹೇಳಿಬಿಡುತ್ತದೆ. ಮಡಿವಾಳ ಬಾಲ ಎತ್ತಿ ಬಿಗುವಾಗಿ ನಿಲ್ಲುತ್ತದೆ. ಕಾಜಾಣ ತಂತಿಯ ಮೇಲಿನಿಂದ ಜಿಗಿದು ಗಾಳಿಯಲ್ಲೇ ಹುಳು ಹಿಡಿದು ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತದೆ. ಕಳ್ಳಿಪೀರವೂ ಹಾಗೆಯೇ, ಆದರೆ ಅದು ತೆಳ್ಳಗೆ, ಹಸಿರು, ಹಾರಿದಾಗ ರೆಕ್ಕೆ ಚಾಚಿ ತೇಲುತ್ತದೆ. ಕಪ್ಪುಬಿಳಿ ಮಿಂಚುಳ್ಳಿ ನೀರಿನ ಮೇಲೆ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ನೇರ ಕೆಳಗೆ ಬೀಳುತ್ತದೆ. ಮರಕುಟುಕ ಕಾಂಡಕ್ಕೆ ಅಂಟಿಕೊಂಡು, ಬಾಲವನ್ನು ಮೂರನೇ ಕಾಲಿನಂತೆ ಊರಿ ಮೇಲೇರುತ್ತದೆ.

ಹಾರುವ ರೀತಿಯಲ್ಲೂ ಸಹಿ ಇರುತ್ತದೆ. ಮರಕುಟುಕ ಅಲೆಯ ಹಾಗೆ ಏರಿಳಿಯುತ್ತಾ ಹೋಗುತ್ತದೆ. ನಾಲ್ಕು ಬಡಿತ, ರೆಕ್ಕೆ ಮುಚ್ಚುವುದು, ಇಳಿಯುವುದು, ಮತ್ತೆ ಬಡಿತ. ಬೆಳ್ಳಕ್ಕಿ ಕುತ್ತಿಗೆ ಮಡಚಿಕೊಂಡು ಹಾರುತ್ತದೆ, ಕೊಕ್ಕರೆ ಕುತ್ತಿಗೆ ಚಾಚಿ ಹಾರುತ್ತದೆ. ಆಕಾಶದಲ್ಲಿ ಸುಯ್ ಅಂತ ಸುತ್ತುವ ಚಿಕ್ಕ ಹಕ್ಕಿಗಳಲ್ಲಿ ಬಾನಾಡಿ ಯಾವುದು, ಕವಲುತೋಕೆ ಯಾವುದು ಅಂತ ಗೊಂದಲವಾದರೆ ಸ್ವಲ್ಪ ಹೊತ್ತು ಕಾಯಿರಿ. ಸಾಲಾಗಿ ತಂತಿಯ ಮೇಲೆ ಬಂದು ಕೂತರೆ ಕವಲುತೋಕೆ. ಬಾನಾಡಿಯ ಕಾಲು ಪುಟ್ಟದು, ಅದು ತಂತಿಯ ಮೇಲೆ ಕೂರುವುದಿಲ್ಲ, ಗೋಡೆಗೋ ಬಂಡೆಗೋ ಅಂಟಿಕೊಳ್ಳುತ್ತದೆ.

ಗುಂಪೂ ಒಂದು ಗುರುತು. ಮಾಸಲು ಕಂದು ಬಣ್ಣದ ಆರೇಳು ಹಕ್ಕಿಗಳು ನೆಲದ ಮೇಲೆ ತರಗೆಲೆ ಕೆದಕುತ್ತಾ, ಎಲ್ಲವೂ ಒಟ್ಟಿಗೆ ಮಾತಾಡುತ್ತಾ ಜಗಳವೋ ಹರಟೆಯೋ ಗೊತ್ತಾಗದಂತೆ ಗದ್ದಲ ಮಾಡುತ್ತಿದ್ದರೆ ಬಣ್ಣ ನೋಡುವ ಅಗತ್ಯವೇ ಇಲ್ಲ. ಅವು ಹರಟೆಮಲ್ಲ.

ಎಲ್ಲಿ, ಯಾವಾಗ

ಹಕ್ಕಿ ಎಷ್ಟು ಎತ್ತರದಲ್ಲಿತ್ತು ಅಂತ ಬರೆದುಕೊಳ್ಳಿ. ನೆಲವಾ, ಪೊದೆಯಾ, ಮರದ ನೆತ್ತಿಯಾ? ಕೆಂಬೂತ ಕಾಗೆಗಿಂತ ಸ್ವಲ್ಪ ಉದ್ದ, ಆದರೆ ಕಾಗೆಯ ಹಾಗೆ ಬಯಲಲ್ಲಿ ಹಾರಾಡುವುದಿಲ್ಲ. ಪೊದೆಯ ಬುಡದಲ್ಲಿ ನಡೆಯುತ್ತದೆ, ಹಾರಿದರೂ ಭಾರವಾಗಿ ನಾಲ್ಕು ಮಾರು ಹೋಗಿ ಮತ್ತೆ ಪೊದೆ ಸೇರುತ್ತದೆ. ಹೊನ್ನಕ್ಕಿ ನೆಲಕ್ಕೆ ಇಳಿಯುವುದು ಅಪರೂಪ.

ತಿಂಗಳು ಕೂಡ ಬರೆಯಿರಿ. ಚಳಿಗಾಲದ ವಲಸೆ ಹಕ್ಕಿಗಳು ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಉತ್ತರದಿಂದ ದಕ್ಷಿಣಕ್ಕೆ ಇಳಿದು, ಮಾರ್ಚ್–ಏಪ್ರಿಲ್‌ನಲ್ಲಿ ವಾಪಸು ಹೋಗುತ್ತವೆ. ಚಳಿಗಾಲದ ಅತಿಥಿಯೊಂದನ್ನು ಜೂನ್‌ನಲ್ಲಿ ಕಂಡೆ ಅನ್ನಿಸಿದರೆ ಇನ್ನೊಮ್ಮೆ ನೋಡಿ.

ಈಗ ಬಣ್ಣ, ಅದೂ ಸರಿಯಾದ ಜಾಗದಲ್ಲಿ

ಮೈ ಬಣ್ಣಕ್ಕಿಂತ ಕೆಲವು ನಿರ್ದಿಷ್ಟ ಜಾಗಗಳು ಮುಖ್ಯ: ಕಣ್ಣಿನ ಮೇಲಿನ ಹುಬ್ಬು, ಕಣ್ಣಿನ ಸುತ್ತಲಿನ ಉಂಗುರ, ಕೊರಳು, ರೆಕ್ಕೆಯ ಮೇಲಿನ ಪಟ್ಟಿ, ಬಾಲ ಶುರುವಾಗುವ ಜಾಗ, ಬಾಲದ ಕೆಳಗಿನ ಬುಡ. ತಲೆಯಿಂದ ಶುರು ಮಾಡಿ ಬಾಲದ ಕಡೆ ಹೋಗಿ. ಹಕ್ಕಿ ಎರಡು ಸೆಕೆಂಡ್ ಮಾತ್ರ ಕೂರುವುದಾದರೆ ಆ ಎರಡನ್ನೂ ತಲೆಗೇ ಖರ್ಚು ಮಾಡಿ.

ಬಣ್ಣ ಮೋಸ ಮಾಡುವ ಒಂದೆರಡು ಕಡೆ ಹೇಳಿಬಿಡುತ್ತೇನೆ. ಸೂರಕ್ಕಿಯ ಗಂಡು ನೆರಳಲ್ಲಿ ಕಪ್ಪು, ಬಿಸಿಲಿಗೆ ತಿರುಗಿದ ಕ್ಷಣ ನೇರಳೆ, ಹಸಿರು ಹೊಳಪು. ಅದೇ ನೇರಳೆ ಸೂರಕ್ಕಿ ಗಂಡು ಮರಿ ಮಾಡುವ ಕಾಲ ಮುಗಿದ ಮೇಲೆ ಹೆಚ್ಚುಕಡಿಮೆ ಹೆಣ್ಣಿನ ಬಣ್ಣಕ್ಕೆ ಬರುತ್ತದೆ. ಹೊಟ್ಟೆ ಹಳದಿ, ಎದೆಯ ನಡುವೆ ಉದ್ದಕ್ಕೊಂದು ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಕೊಳದ ಬಕ ದಡದಲ್ಲಿ ಕೂತಾಗ ಕೆಸರಿನದೇ ಬಣ್ಣ, ಎದುರಿಗಿದ್ದರೂ ಕಾಣುವುದಿಲ್ಲ. ಹಾರಿದ ಕೂಡಲೇ ಬೆಳ್ಳಗಿನ ರೆಕ್ಕೆ ತೆರೆದುಕೊಂಡು ಎಲ್ಲಿಂದಲೋ ಬೇರೆ ಹಕ್ಕಿ ಬಂದ ಹಾಗಿರುತ್ತದೆ. ಹಾಗಾಗಿ ಕೂತದ್ದನ್ನೂ ನೋಡಿ, ಹಾರಿದ್ದನ್ನೂ ನೋಡಿ.

ಕಿವಿಗೆ ಕೆಲಸ ಕೊಡಿ

ದಟ್ಟ ಮರಗಳ ನಡುವೆ ಕಣ್ಣಿಗೆ ಒಂದು ಹಕ್ಕಿ ಸಿಗುವಷ್ಟರಲ್ಲಿ ಕಿವಿಗೆ ನಾಲ್ಕೈದು ಸಿಕ್ಕಿರುತ್ತವೆ. ಹಕ್ಕಿ ನೋಡುವುದು ಅಂತ ಕರೆಯುತ್ತೇವೆ ಅಷ್ಟೇ, ಅರ್ಧಕ್ಕಿಂತ ಹೆಚ್ಚು ಕೇಳುವುದೇ.

ನಮಗೆ ಗಂಟಲಿನ ಮೇಲುಭಾಗದಲ್ಲಿ ಧ್ವನಿಪೆಟ್ಟಿಗೆ ಇದೆ. ಹಕ್ಕಿಗೆ ಅದು ಕೆಳಗೆ, ಶ್ವಾಸನಾಳ ಎರಡು ಕವಲಾಗುವ ಜಾಗದಲ್ಲಿ. ಅದಕ್ಕೆ ಸಿರಿಂಕ್ಸ್ ಅಂತಾರೆ. ಎರಡು ಕವಲನ್ನೂ ಬೇರೆ ಬೇರೆಯಾಗಿ ನುಡಿಸಬಲ್ಲ ಹಕ್ಕಿಗಳಿವೆ. ಒಂದೇ ಹಕ್ಕಿ ಎರಡು ಸ್ವರ ಒಟ್ಟಿಗೆ ಹೊರಡಿಸಿದ ಹಾಗೆ ಕೇಳುವುದು ಅದಕ್ಕೇ.

ಹಾಡು ಬೇರೆ, ಕರೆ ಬೇರೆ. ಹಾಡು ಉದ್ದ, ಅದಕ್ಕೊಂದು ವಿನ್ಯಾಸ ಇರುತ್ತದೆ. ಹೆಚ್ಚಾಗಿ ಗಂಡು ಹಾಡುತ್ತದೆ, ಮರಿ ಮಾಡುವ ಕಾಲದಲ್ಲಿ ಜಾಸ್ತಿ. ಇದು ನನ್ನ ಜಾಗ ಅಂತ ಬೇರೆ ಗಂಡುಗಳಿಗೆ, ಬಾ ಅಂತ ಹೆಣ್ಣಿಗೆ. ಕರೆ ಅಂದರೆ ಚುಟುಕು ಸದ್ದು, ವರ್ಷವಿಡೀ ಇರುತ್ತದೆ. ನಾನಿಲ್ಲಿದ್ದೇನೆ ಅಂತ ಗುಂಪಿಗೆ ಹೇಳಲು, ಅಪಾಯ ಅಂತ ಎಚ್ಚರಿಸಲು. ಗೂಬೆಯೊಂದು ಕೂತಿರುವುದು ಕಂಡರೆ ಸಣ್ಣ ಹಕ್ಕಿಗಳು ಸುತ್ತ ಸೇರಿ ಗಡುಸಾಗಿ, ತುಂಡು ತುಂಡಾಗಿ ಕಿರುಚುತ್ತವೆ. ಅದು ಎಲ್ಲಿಂದ ಬರುತ್ತಿದೆ ಅಂತ ಸುಲಭವಾಗಿ ತಿಳಿಯುತ್ತದೆ, ಬಂದು ಸೇರಿಕೊಳ್ಳಿ ಅಂತ ತಾನೇ ಕರೆಯುವುದು. ಗಿಡುಗ ಮೇಲೆ ಹಾರಿದರೆ ಮಾತ್ರ ತೆಳ್ಳನೆಯ, ಎಳೆದ ಸೀಟಿಯಂಥ ಸದ್ದು. ಯಾರು ಕೂಗಿದರು ಅಂತ ಗಿಡುಗಕ್ಕೂ ತಿಳಿಯಬಾರದಲ್ಲ! ಸಣ್ಣ ಹಕ್ಕಿಗಳ ಗಲಾಟೆ ಕೇಳಿದ ಕಡೆ ಮೆಲ್ಲಗೆ ಹೋದರೆ ಗೂಬೆಯೋ ಹಾವೋ ಸಿಗುವ ಸಾಧ್ಯತೆ ಇದೆ. ಹಾವಾದರೆ ದೂರ ನಿಲ್ಲಿ ಅಂತ ಬೇರೆ ಹೇಳಬೇಕಿಲ್ಲ ತಾನೇ.

ಹೊಸ ಕೂಗು ಕೇಳಿದಾಗ ಕೇಳಿಕೊಳ್ಳಬೇಕಾದ್ದು ಇಷ್ಟು. ಸ್ವರ ದಪ್ಪವಾ, ಕೀರಲಾ? ಒಂದೇ ಮಟ್ಟದಲ್ಲಿದೆಯಾ, ಏರುತ್ತಾ ಇಳಿಯುತ್ತಾ? ಲಯ ಹೇಗಿದೆ, ಗಡಿಯಾರದ ಹಾಗೆ ಸಮವಾ, ಬರುಬರುತ್ತಾ ಜೋರಾಗುತ್ತಾ? ಎಷ್ಟು ಸಲ ಹೇಳಿ ನಿಲ್ಲಿಸುತ್ತದೆ? ನಾದ ಎಂಥದ್ದು, ಸಿಳ್ಳೆಯಾ, ಗರಗಸವಾ, ಲೋಹ ಬಡಿದ ಹಾಗಾ?

ಕೋಗಿಲೆಯನ್ನೇ ತೆಗೆದುಕೊಳ್ಳಿ. ಎಲ್ಲರಿಗೂ ಗೊತ್ತು ಅಂದುಕೊಳ್ಳುತ್ತೇವೆ. ಸರಿಯಾಗಿ ಕೇಳಿ: ಕು-ಊ, ಕು-ಊ ಅಂತ ಪ್ರತಿ ಸಲವೂ ಒಂದು ಮೆಟ್ಟಿಲು ಮೇಲೆ ಹತ್ತುತ್ತದೆ. ತುತ್ತತುದಿಗೆ ಹೋಗಿ ಥಟ್ಟನೆ ನಿಲ್ಲಿಸಿ, ಮತ್ತೆ ಕೆಳಗಿನಿಂದ ಶುರು. ಕೆಂಬೂತದ್ದು ಇದಕ್ಕೆ ಉಲ್ಟಾ ಅನ್ನಿಸುವಷ್ಟು ದಪ್ಪ: ಕೂಪ್-ಕೂಪ್-ಕೂಪ್ ಅಂತ ಖಾಲಿ ಕೊಡದೊಳಗಿನಿಂದ ಬಂದ ಹಾಗೆ. ಎಲ್ಲಿಂದ ಬರುತ್ತಿದೆ ಅಂತ ಹೇಳುವುದೇ ಕಷ್ಟ. ಚೆಂಬುಕುಟಿಗನದು ಟುಕ್-ಟುಕ್-ಟುಕ್, ತಾಮ್ರದ ಪಾತ್ರೆಗೆ ಸುತ್ತಿಗೆ ಬಿದ್ದ ಹಾಗೆ, ಅದೇ ಸ್ವರ, ಅದೇ ಅಂತರ, ನಿಮಿಷಗಟ್ಟಲೆ. ಹೆಸರು ಬಂದದ್ದೂ ಅದರಿಂದಲೇ. ಕೂಗುತ್ತಾ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುವುದರಿಂದ ಹಕ್ಕಿ ಜಾಗ ಬದಲಿಸುತ್ತಿದೆ ಅಂತ ನಾವು ಮರ ಸುತ್ತುತ್ತೇವೆ. ಅದು ಕೂತಲ್ಲೇ ಕೂತಿರುತ್ತದೆ.

ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. ಹಿಂದಿನವರು ಎಷ್ಟೋ ಹಕ್ಕಿಗಳಿಗೆ ಅವುಗಳ ಕೂಗನ್ನೇ ಹೆಸರಾಗಿ ಇಟ್ಟುಬಿಟ್ಟಿದ್ದಾರೆ. ಹೆಸರನ್ನು ಬರೀ ಓದಬೇಡಿ, ಜೋರಾಗಿ ಹೇಳಿ ನೋಡಿ. ಕುಟ್ರ ಹಕ್ಕಿ: ಕುಟ್ರೂ, ಕುಟ್ರೂ, ಕುಟ್ರೂ. ಟುವ್ವಿ: ಟುವ್ವಿ-ಟುವ್ವಿ-ಟುವ್ವಿ. ಟಿಟ್ಟಿಭ: ಕೆರೆ ಬಯಲಲ್ಲಿ ಯಾರಾದರೂ ನಡೆದರೆ ಸಾಕು, ಟಿಟ್ಟಿ-ಟಿಟ್ಟೀ-ಟಿಟ್ ಅಂತ ಊರಿಗೆಲ್ಲ ಸಾರುತ್ತದೆ, ರಾತ್ರಿಯಾದರೂ ಬಿಡುವುದಿಲ್ಲ. ಹರಟೆಮಲ್ಲನ ವಿಷಯ ಆಗಲೇ ಹೇಳಿದೆ. ಸದಾ ಉಲಿಯುತ್ತಲೇ ಇರುವುದು ಉಲಿಯಕ್ಕಿ. ಬೂದು ಉಲಿಯಕ್ಕಿಯದು ಇನ್ನೊಂದು ವಿಶೇಷ, ಪೊದೆಯಿಂದ ಹಾರಿದಾಗ ಚಟಪಟ ಅಂತ ವಿದ್ಯುತ್ ಕಿಡಿ ಹಾರಿದಂಥ ಸದ್ದು ಬರುತ್ತದೆ. ಅದು ರೆಕ್ಕೆಯಿಂದ ಬರುವ ಸದ್ದಿರಬೇಕು ಅನ್ನುತ್ತಾರೆ.

ಹೆಸರಲ್ಲಿ ಕೂಗಿಲ್ಲದ ಹಕ್ಕಿಗೆ ನಿಮ್ಮದೇ ಮಾತು ಕಟ್ಟಿ. ಬೇರೆಯವರು ಬರೆದ ಅಕ್ಷರ ನಿಮ್ಮ ಕಿವಿಗೆ ಹೊಂದದೆ ಇರಬಹುದು, ಪರವಾಗಿಲ್ಲ. ಪಿಕಳಾರದ ಚಿಲಿಪಿಲಿ ನನಗೆ ಯಾರೋ ಖುಷಿಯಲ್ಲಿ ಅವಸರವಾಗಿ ಒಂದು ಸುದ್ದಿ ಹೇಳಿದ ಹಾಗೆ ಕೇಳುತ್ತದೆ. ಅಕ್ಷರ ಹೊಂದದಿದ್ದರೆ ಗೆರೆ ಎಳೆಯಿರಿ. ಏರುವ ಸ್ವರಕ್ಕೆ ಮೇಲೆ ಹೋಗುವ ಗೆರೆ, ಇಳಿಯುವುದಕ್ಕೆ ಕೆಳಗೆ, ತುಂಡು ಸದ್ದಿಗೆ ಚುಕ್ಕಿ.

ದನಿಯಿಂದ ಗಾತ್ರ ಊಹಿಸಬೇಡಿ. ಟುವ್ವಿ ಸುಮಾರು 13 ಸೆಂಟಿಮೀಟರ್, ಅಂಗೈಯಲ್ಲಿ ಮುಚ್ಚಿಡಬಹುದು. ಆ ಗಂಟಲು ಕೇಳಿದವರು ಪಾರಿವಾಳದಷ್ಟಾದರೂ ಇರಬೇಕು ಅಂದುಕೊಳ್ಳುತ್ತಾರೆ. ಪಾರಿವಾಳ ಹುಡುಕುವ ಕಣ್ಣಿಗೆ ಟುವ್ವಿ ಕಾಣುವುದಿಲ್ಲ.

ಇನ್ನು ಮಿಮಿಕ್ರಿ ಮಾಡುವವರು. ಕಾಜಾಣದ ನಂಟನೇ ಆದ ಭೀಮರಾಜ ಹತ್ತಾರು ಹಕ್ಕಿಗಳ ಕೂಗು ಅನುಕರಿಸುತ್ತದೆ. ಕಾಜಾಣ ಶಿಕ್ರಾ ಗಿಡುಗದ ಹಾಗೆ ಕೂಗಬಲ್ಲದು. ಆಫ್ರಿಕಾದ ಕಲಹಾರಿಯಲ್ಲಿ ಕಾಜಾಣದ ನಂಟ ಹಕ್ಕಿಯೊಂದು ಇತರ ಪ್ರಾಣಿಗಳ ಎಚ್ಚರಿಕೆಯ ಕೂಗನ್ನೇ ನಕಲು ಮಾಡಿ, ಅವು ಹೆದರಿ ಓಡಿದಾಗ ಬಿಟ್ಟುಹೋದ ತಿಂಡಿ ಕದಿಯುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಒಂದೇ ಕೊಂಬೆಯಿಂದ ಐದು ನಿಮಿಷದಲ್ಲಿ ನಾಲ್ಕು ಜಾತಿಯ ಕೂಗು ಬಂದರೆ ನಾಲ್ಕು ಹಕ್ಕಿ ಅಂತ ಬರೆಯುವ ಮೊದಲು ಕವಲು ಬಾಲ ಹುಡುಕಿ.

ಕಿವಿ ಪಳಗಿಸಲು ಒಂದು ಸರಳ ಅಭ್ಯಾಸ: ಹತ್ತು ನಿಮಿಷ ಒಂದೇ ಕಡೆ ಕಣ್ಣು ಮುಚ್ಚಿ ಕೂರಿ. ಹೊಸ ಸದ್ದು ಕೇಳಿದಂತೆಲ್ಲ ಒಂದು ಬೆರಳು ಮಡಚಿ. ಹೆಸರು ಬೇಡ, ಎಷ್ಟು ಬೇರೆ ಬೇರೆ ಅಂತ ಎಣಿಸಿದರೆ ಸಾಕು. ಆಮೇಲೆ ಅದರಲ್ಲಿ ಒಂದನ್ನು, ಒಂದೇ ಒಂದನ್ನು ಆರಿಸಿಕೊಂಡು, ಕೂಗುವ ಹಕ್ಕಿಯ ಬಾಯಿ ಅಲ್ಲಾಡುವುದು ಕಾಣುವವರೆಗೆ ಬೆನ್ನು ಹತ್ತಿ. ಹಾಗೆ ಕಂಡುಹಿಡಿದ ಕೂಗು ಮರೆಯುವುದಿಲ್ಲ. ದಿಕ್ಕು ಗೊತ್ತಾಗದಿದ್ದರೆ ಎರಡೂ ಕೈಗಳನ್ನು ಕಿವಿಯ ಹಿಂದೆ ಬಟ್ಟಲಿನ ಹಾಗೆ ಹಿಡಿದು ನಿಧಾನವಾಗಿ ತಿರುಗಿ.

ಹೊಸಬರನ್ನು ಕಾಡುವ ಕೆಲವು ಜೋಡಿಗಳು

ಕಾಗೆ, ಕೋಗಿಲೆ, ಕಾಜಾಣ ಮೂರೂ ಕಪ್ಪು. ಕೋಗಿಲೆಯ ಕಣ್ಣು ಕೆಂಪು, ಕೊಕ್ಕು ತಿಳಿ ಹಸಿರು. ಕಾಗೆಗೆ ಎರಡೂ ಇಲ್ಲ. ಕಾಜಾಣ ಇವೆರಡಕ್ಕಿಂತ ತೀರಾ ಚಿಕ್ಕದು. ಕಾಗೆಗಳಲ್ಲೇ ಊರ ಕಾಗೆಯ ಕುತ್ತಿಗೆ ಬೂದು, ಕಾಡು ಕಾಗೆ ಪೂರ್ತಿ ಕಪ್ಪು, ಕೊಕ್ಕು ಇನ್ನೂ ದಪ್ಪ.

ಗೊರವಂಕಕ್ಕೆ ಕಣ್ಣಿನ ಹಿಂದೆ ಹಳದಿ ಚರ್ಮ ಬರಿದಾಗಿ ಕಾಣುತ್ತದೆ. ಕಾಡು ಮೈನಾಕ್ಕೆ ಅದಿಲ್ಲ, ಬದಲಿಗೆ ಕೊಕ್ಕಿನ ಬುಡದಲ್ಲಿ ಪುಟ್ಟ ಗರಿಗಳ ಗುಚ್ಛ. ಕೆಮ್ಮೀಸೆ ಪಿಕಳಾರದ ಜುಟ್ಟು ಚೂಪಾಗಿ ನೆಟ್ಟಗೆ, ಕೆನ್ನೆ ಬಿಳಿ, ಅಲ್ಲೊಂದು ಕೆಂಪು ಚುಕ್ಕೆ. ಅದರ ಮರಿಗೆ ಕೆಂಪು ಮೀಸೆ ಇನ್ನೂ ಬಂದಿರುವುದಿಲ್ಲ. ಇನ್ನೊಂದು ಪಿಕಳಾರದ ತಲೆ ಪೂರ್ತಿ ಕಪ್ಪು, ಜುಟ್ಟು ಮೊಂಡು, ಹಾರಿದಾಗ ಬೆನ್ನಿನ ಕೊನೆಯಲ್ಲಿ ಬಿಳಿ ಕಾಣುತ್ತದೆ. ಬಾಲದ ಬುಡ ಎರಡಕ್ಕೂ ಕೆಂಪೇ, ಹಾಗಾಗಿ ಅದೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ.

ಬೆಳ್ಳಕ್ಕಿಗಳಲ್ಲಿ ಬಣ್ಣ ಪೂರ್ತಿ ಸೋಲುತ್ತದೆ, ಎಲ್ಲವೂ ಬಿಳಿ. ಇಲ್ಲಿ ಕಾಲು, ಕೊಕ್ಕು ನೋಡಬೇಕು. ಚಿಕ್ಕ ಬೆಳ್ಳಕ್ಕಿಯ ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ ಸಾಕ್ಸ್ ಹಾಕಿದ ಹಾಗೆ. ಗೋವಕ್ಕಿ ಕುಳ್ಳಗೆ, ಕೊಕ್ಕು ಹಳದಿ, ದನಗಳ ಹಿಂದೆ ನಡೆಯುತ್ತದೆ. ಮರಿ ಮಾಡುವ ಕಾಲದಲ್ಲಿ ತಲೆ, ಎದೆಗೆ ಕಿತ್ತಳೆ ಛಾಯೆ ಬರುತ್ತದೆ. ದೊಡ್ಡ ಬೆಳ್ಳಕ್ಕಿ ಮತ್ತು ನಡುಗಾತ್ರದ್ದರ ನಡುವೆ ಬಾಯಿಯ ಸೀಳು ನೋಡಿ. ದೊಡ್ಡದರಲ್ಲಿ ಆ ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ, ನಡುಗಾತ್ರದ್ದರಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ.

ಶಿಕ್ರಾ ಗಿಡುಗ ಮತ್ತು ಪಪೀಹಾ ಅನ್ನುವ ಕೋಗಿಲೆ ನಂಟ ಹಕ್ಕಿ ನನ್ನನ್ನು ಈಗಲೂ ಒಂದು ಕ್ಷಣ ಯಾಮಾರಿಸುತ್ತವೆ. ಪಪೀಹಾ ಗಿಡುಗದ ವೇಷ ಹಾಕಿದ ಹಾಗಿದೆ. ಹಾರುವುದು, ಕೂರುವುದೂ ಹಾಗೆಯೇ. ಕೊಕ್ಕು ನೋಡಿದರೆ ಬಯಲಾಗುತ್ತದೆ, ಗಿಡುಗನ ಕೊಕ್ಕೆ ಅಲ್ಲಿಲ್ಲ. ಬಾಯಿ ಬಿಟ್ಟರಂತೂ ಮುಗಿಯಿತು. ಮೂರು ಸ್ವರದ ಕೂಗು ಒಂದರ ಮೇಲೊಂದು ಏರುತ್ತಾ ಹೋಗಿ, ಹುಚ್ಚು ಹಿಡಿದಂತೆ ತಾರಕಕ್ಕೆ ಮುಟ್ಟಿ ನಿಲ್ಲುತ್ತದೆ. ನಡುರಾತ್ರಿಯಲ್ಲೂ.

ಫೋನು ಸಹಾಯಕ, ತೀರ್ಪುಗಾರ ಅಲ್ಲ

ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಸೂಚಿಸುತ್ತದೆ, ಹಣ ಕೊಡಬೇಕಿಲ್ಲ. ನಿಮ್ಮ ಪ್ರದೇಶದ ಪ್ಯಾಕ್ ಮೊದಲೇ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ಕಡೆಯೂ ನಡೆಯುತ್ತದೆ. ಕೂಗನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಂ ಪರದೆಯ ಮೇಲೆ ಓಡುತ್ತದೆ, ಅದನ್ನು ಗಮನಿಸಿ. ನೀವು ಪುಸ್ತಕದಲ್ಲಿ ಎಳೆದ ಗೆರೆಗಳಿಗೂ ಅದಕ್ಕೂ ಹೋಲಿಕೆ ಕಂಡರೆ ಕಿವಿ ಪಳಗುತ್ತಿದೆ ಅಂತ. 2005ರಲ್ಲಿ ಶುರುವಾದ ಝೀನೋ-ಕ್ಯಾಂಟೊ ಜಾಲತಾಣದಲ್ಲಿ ಪ್ರಪಂಚದಾದ್ಯಂತ ಜನ ಧ್ವನಿಮುದ್ರಿಸಿದ ಕೂಗುಗಳು ಪುಕ್ಕಟೆ ಕೇಳಲು ಸಿಗುತ್ತವೆ. ಒಂದೇ ಜಾತಿಯ ನಾಲ್ಕೈದು ಮುದ್ರಣ ಕೇಳಿ, ಒಂದನ್ನೇ ನಂಬಬೇಡಿ.

ಆದರೆ ಆ್ಯಪ್ ಹೇಳಿತು ಅಂತ ಹೆಸರು ಬರೆದುಬಿಡಬೇಡಿ. ಭೀಮರಾಜನ ಮಿಮಿಕ್ರಿಗೆ ಅದೂ ಬೀಳುತ್ತದೆ. ಮೊದಲು ನೀವೊಂದು ಊಹೆ ಮಾಡಿ, ಆಮೇಲೆ ಆ್ಯಪ್ ತೆರೆಯಿರಿ, ಆಮೇಲೆ ಕಣ್ಣಾರೆ ನೋಡಲು ಪ್ರಯತ್ನಿಸಿ. ಈ ಕ್ರಮ ತಪ್ಪಿಸಿದರೆ ಕಲಿಯುವುದು ಫೋನು, ನೀವಲ್ಲ.

ಇನ್ನೊಂದು ಮಾತು, ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಹಕ್ಕಿಯನ್ನು ಹೊರಗೆ ಕರೆಯಲು ಅದರದೇ ಕೂಗನ್ನು ಸ್ಪೀಕರ್‌ನಲ್ಲಿ ಹಾಕಬೇಡಿ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂತ ಅದು ಮೇವು, ಗೂಡು ಎಲ್ಲ ಬಿಟ್ಟು ಜಗಳಕ್ಕೆ ಬರುತ್ತದೆ. ನಿಮಗೆ ಒಂದು ಫೋಟೊ, ಅದಕ್ಕೆ ಸುಮ್ನೆ ಸುಸ್ತು. ಗೂಡು ಕಂಡರೆ ಎಲೆ ಸರಿಸಿ ನೋಡುವುದೂ ಬೇಡ. ಬೆಕ್ಕು, ಕಾಗೆಗಳಿಗೆ ದಾರಿ ತೋರಿಸಿದ ಹಾಗಾಗುತ್ತದೆ.

ಗೊತ್ತಾಗದ್ದನ್ನು ಹಾಗೇ ಬರೆಯಿರಿ

ಟಿಪ್ಪಣಿಯಲ್ಲಿ ತಾರೀಕು, ಹೊತ್ತು, ಜಾಗ, ಎಷ್ಟು ಹಕ್ಕಿ, ಗಾತ್ರ ಯಾವುದರಷ್ಟು, ಏನು ಮಾಡುತ್ತಿತ್ತು, ಕೂಗು ಹೇಗಿತ್ತು, ಕೊನೆಗೆ ಬಣ್ಣ. ಹೆಸರಿನ ಜಾಗ ಖಾಲಿ ಬಿಟ್ಟರೂ ತೊಂದರೆ ಇಲ್ಲ. ಅಂದಾಜಿನ ಮೇಲೆ ಬರೆದ ತಪ್ಪು ಹೆಸರು ತಲೆಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಅಳಿಸುವುದು ಕಷ್ಟ. ಹೊಲಬುಗೆಟ್ಟ ರೇಖಾಚಿತ್ರವಾದರೂ ಸರಿ, ಒಂದು ಬರೆಯಿರಿ. ಕೋಳಿಮೊಟ್ಟೆಗೆ ಕೊಕ್ಕು ಸಿಕ್ಕಿಸಿದ ಹಾಗಿದ್ದರೂ ಪಟ್ಟಿ ಎಲ್ಲಿತ್ತು ಅಂತ ಬಾಣ ಹಾಕಿ ತೋರಿಸಬಹುದು.

ನನ್ನ ಪುಸ್ತಕದ ಹಿಂಭಾಗದಲ್ಲಿ ಅಂಥ ಖಾಲಿ ಹೆಸರುಗಳದ್ದೇ ಒಂದು ಪಟ್ಟಿ ಇದೆ. ಅದರಲ್ಲಿ ಮೊದಲನೆಯದು: "ಕಿಕ್-ಕಿಕ್-ಕಿಕ್-ಕಿಕ್, ಬೇಗ ಬೇಗ, ಗಾಬರಿಯಾದ ಹಾಗೆ. ದಟ್ಟ ಮರ. ಕಾಣಲಿಲ್ಲ." ಒಂದು ವರ್ಷ ಆದ ಮೇಲೆ ಬೆಳಗ್ಗೆ ಆ ಸದ್ದು ಮಾಡುತ್ತಲೇ ಮರದಿಂದ ಹೊರಗೆ ಹಾರಿ ಎದುರಿನ ಕೊಂಬೆಗೆ ಬಂದು ಕೂತಿತು. ಕಂದು ಮೈ, ಬಿಳಿ ಚುಕ್ಕೆ, ಕೆಂಪು ಕಣ್ಣು. ಮತ್ತೆ ಅದೇ ಹೆಣ್ಣು ಕೋಗಿಲೆ. ಆ ಸಾಲಿಗೆ ಹೆಸರು ಬರೆದು ಗೆರೆ ಎಳೆದೆ. ಅದರ ಕೆಳಗಿನ ಸಾಲು, ರಾತ್ರಿ ಎರಡು ಗಂಟೆಗೆ ಒಂದೇ ಸಲ ಕೇಳಿಸಿದ ಇಳಿಯುವ ಸಿಳ್ಳೆ, ಇನ್ನೂ ಖಾಲಿ ಇದೆ.